ಓದುಗರ ಪ್ರಶ್ನೆಗೆ ಉತ್ತರ: ಲಿಯಾನ್ ನಗರದಲ್ಲಿ ಬಿಸಿಲಿನ ಒಂದು ದಿನ

ಫ್ರಾನ್ಸ್ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಲಿಯಾನ್ ನಗರಕ್ಕೆ ಸಂಬಂಧಿಸಿದವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಮಗಳು ಲಿಯಾನ್‌ನಲ್ಲಿ ಕೆಲಸದಲ್ಲಿದ್ದಾಳೆ. ಬರುವ ಜೂನ್ ತಿಂಗಳಲ್ಲಿ ಅವಳ ಮನೆಗೆ ಹೋಗಲಿದ್ದೇವೆ. ರಜೆಯ ದಿನಗಳಲ್ಲಿ ಅವಳೇ ಎಲ್ಲ ಕಡೆ ಕರೆದುಕೊಂಡು ಹೋಗುತ್ತಾಳೆ. ಆದರೆ ವಾರದ ನಡುವೆ ಒಂದು ದಿನವಾದರೂ ನಾವಿಬ್ಬರೇ ಊರು ಸುತ್ತಬೇಕೆಂಬ ಆಸೆ ನಮಗಿದೆ. ನಮ್ಮ ಯಜಮಾನರಿಗೆ ಏನನ್ನೂ ಬಿಡದೆ ನೋಡುವ ಹಂಬಲ. ನನಗೆ ಮಂಡಿನೋವು, ಜೊತೆಗೆ ಒಂದು ಕಡೆ ಕೂತು ನೋಡುವುದರಲ್ಲೇ ಹೆಚ್ಚು ಸಂತೋಷ. ಫ್ರೆಂಚ್ ಇಬ್ಬರಿಗೂ ಬಾರದು. ಆ ದಿನವನ್ನು ಹೇಗೆ ಕಳೆಯುವುದು ಒಳ್ಳೆಯದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮಿಬ್ಬರ ಇಷ್ಟಗಳೂ ಒಂದೇ ದಿನದಲ್ಲಿ ಕೂಡಿಬರುವ ಊರು ಲಿಯಾನ್. ಈ ಊರನ್ನು ನೋಡಬೇಕಾದವರು ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು: ಸ್ಥಳಗಳ ಪಟ್ಟಿ ಹಿಡಿದು ಹೊರಡಬೇಡಿ, ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿಕೊಂಡು ಹೊರಡಿ. ಲಿಯಾನ್‌ನಲ್ಲಿ ಎರಡು ಗುಡ್ಡಗಳು, ಎರಡು ನದಿಗಳು. ಪಶ್ಚಿಮಕ್ಕೆ ಫೂರ್ವಿಯೇರ್ ಗುಡ್ಡ, ಉತ್ತರಕ್ಕೆ ಕ್ರ್ವಾ-ರೂಸ್ ಗುಡ್ಡ. ಫೂರ್ವಿಯೇರ್ ಬುಡದಲ್ಲಿ ಸೋನ್ ನದಿ, ಅದರಾಚೆ ಪೂರ್ವಕ್ಕೆ ರೋನ್ ನದಿ, ಇವೆರಡರ ನಡುವಿನ ಉದ್ದನೆಯ ನೆಲವೇ ಪೇಟೆ. ಹೆಚ್ಚಿನ ಪ್ರವಾಸಿಗರು ಬೆಳಿಗ್ಗೆ ಎದ್ದವರೇ ಫೂರ್ವಿಯೇರ್ ಹತ್ತುತ್ತಾರೆ. ಅಲ್ಲಿಂದ ಊರು ಕಾಣುವುದು ಪೂರ್ವ ದಿಕ್ಕಿಗೆ. ಬೆಳಗಿನ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುವುದರಿಂದ ಕೆಳಗಿನ ಊರು ಬರಿಯ ಮಬ್ಬಾಗಿ ಕಾಣುತ್ತದೆ. ಅದೇ ಜಾಗಕ್ಕೆ ಸಂಜೆ ಹೋದರೆ ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ, ಕೆಂಪು ಹೆಂಚಿನ ಮಾಡುಗಳ ಮೇಲೆಲ್ಲ ಬೆಳಕು ಬಿದ್ದಿರುತ್ತದೆ. ಆದ್ದರಿಂದ ಬೆಳಿಗ್ಗೆ ಕ್ರ್ವಾ-ರೂಸ್, ನಡುಹಗಲಿನ ಝಳದಲ್ಲಿ ಹಳೆ ಊರಿನ ನೆರಳಿನ ಓಣಿಗಳು, ಇಳಿಹೊತ್ತಿಗೆ ಫೂರ್ವಿಯೇರ್, ಕೊನೆಗೆ ರೋನ್ ದಂಡೆ – ನನ್ನ ಸಲಹೆ ಈ ಕ್ರಮದ್ದು.

ಮೊದಲು ದಿನವನ್ನು ಆರಿಸಿಕೊಳ್ಳಿ. ಸೋಮವಾರ ಅಲ್ಲಿ ಬೀದಿ ಸಂತೆಗಳಿರುವುದಿಲ್ಲ, ಮಂಗಳವಾರ ಲಲಿತಕಲಾ ಸಂಗ್ರಹಾಲಯಕ್ಕೆ ರಜೆ. ಬುಧವಾರ ಅಥವಾ ಗುರುವಾರ ಒಳ್ಳೆಯದು. ನಮ್ಮಲ್ಲಿ ಮುಂಗಾರು ಹಿಡಿದು ಮಲೆನಾಡಿನವರು ಕೊಡೆ, ಕಂಬಳಿ ಹೊರತೆಗೆಯುವ ಹೊತ್ತಿಗೆ ಅಲ್ಲಿ ವರ್ಷದ ಅತಿ ಉದ್ದನೆಯ ಹಗಲುಗಳು. ಜೂನ್ ಕೊನೆಯ ವಾರಗಳಲ್ಲಿ ಬೆಳಿಗ್ಗೆ ಆರರ ಒಳಗೇ ಬೆಳಕಾಗಿ, ರಾತ್ರಿ ಒಂಬತ್ತೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಇಷ್ಟು ಉದ್ದದ ಹಗಲಿನಲ್ಲಿ ಅವಸರಪಡುವ ಕಾರಣವೇ ಇಲ್ಲವೆಂಬುದನ್ನು ನಿಮ್ಮ ಯಜಮಾನರಿಗೆ ಮೊದಲೇ ಹೇಳಿಡಿ. ಬೇಸಿಗೆಯಲ್ಲಿ ಲಿಯಾನ್ ಸೆಕೆಯ ಊರು, ಕೆಲವು ದಿನ ಉಷ್ಣಾಂಶ 35 ಡಿಗ್ರಿ ದಾಟುವುದೂ ಉಂಟು. ಟೋಪಿ ಮತ್ತು ನೀರಿನ ಬಾಟಲಿ ಜೊತೆಗಿರಲಿ.

ಬೆಳಿಗ್ಗೆ ಪುರಭವನದ ಬಳಿಯ ಮೆಟ್ರೋ ನಿಲ್ದಾಣಕ್ಕೆ ಬಂದು ‘ಸಿ’ ಮಾರ್ಗದ ರೈಲು ಹತ್ತಿ. ಗುಡ್ಡದ ಏರು ಬಹಳ ಕಡಿದಾಗಿರುವ ಕಾರಣ ಈ ರೈಲಿಗೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಕಂಬಿಯೊಂದನ್ನು ಹಾಕಿದ್ದಾರೆ; ಗಾಡಿಯ ಅಡಿಯ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಕ್ರ್ವಾ-ರೂಸ್ ನಿಲ್ದಾಣದಿಂದ ಹೊರಬಂದರೆ ಎದುರಿನ ಚೌಕದಲ್ಲಿ ಒಬ್ಬ ವ್ಯಕ್ತಿಯ ಪ್ರತಿಮೆ ಇದೆ. ಇದೇ ಊರಿನಲ್ಲಿ 1752ರಲ್ಲಿ ಹುಟ್ಟಿದ ಜೋಸೆಫ್ ಮಾರಿ ಜಕಾರ್ಡ್ ಅವರದು. ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ಯಾವ ಹಾಸುನೂಲು ಮೇಲೇಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂಬುದನ್ನು ಮಗ್ಗಕ್ಕೆ ತಿಳಿಸುವ ಸಾಧನವನ್ನು ಅವರು 1804ರಲ್ಲಿ ರೂಪಿಸಿದರು. ನಿಮ್ಮ ಪೆಟ್ಟಿಗೆಯಲ್ಲಿರುವ ರೇಷ್ಮೆ ಸೀರೆಯ ಸೆರಗಿನ ಬುಟ್ಟಾ ಕೂಡ ಬಹುಶಃ ಅದೇ ಹೆಸರಿನ ಮಗ್ಗದಲ್ಲೇ ನೇಯ್ದದ್ದು. ಹತ್ತಿರದಲ್ಲೇ ನೇಕಾರರ ಮನೆ ಎಂಬ ಸಣ್ಣ ಸಂಗ್ರಹಾಲಯವಿದೆ. ತೆರೆದಿರುವ ವೇಳೆಯನ್ನು ಮಗಳಿಂದ ಕೇಳಿ ತಿಳಿದು ಹೋಗಿ. ಅಲ್ಲಿ ಹಳೆಯ ಮಗ್ಗವನ್ನು ನಡೆಸಿ ತೋರಿಸುತ್ತಾರೆ. ನೇಕಾರ ಕಾಲಿನಲ್ಲಿ ತುಳಿದಾಗಲೆಲ್ಲ ತಲೆಯ ಮೇಲಿನ ಚೌಕಟ್ಟಿನಲ್ಲಿ ರಟ್ಟಿನ ಮಾಲೆ ಒಂದು ಪಟ್ಟಿಯಷ್ಟು ಮುಂದೆ ಸರಿಯುತ್ತದೆ, ನೂರಾರು ಎಳೆಗಳು ಒಟ್ಟಿಗೆ ಮೇಲೇಳುತ್ತವೆ, ಲಾಳಿ ದಾಟುತ್ತದೆ. ಬಟ್ಟೆ ಬೆಳೆಯುವುದು ಮಾತ್ರ ಕಣ್ಣಿಗೆ ಕಾಣದಷ್ಟು ನಿಧಾನವಾಗಿ. ಕೂತು ನೋಡುವುದು ಇಷ್ಟವೆನ್ನುವ ನಿಮಗೆ ಇಡೀ ದಿನದಲ್ಲಿ ಇದೇ ಹೆಚ್ಚು ಹಿಡಿಸಬಹುದು.

ಸಂಗ್ರಹಾಲಯ ತೆರೆಯುವವರೆಗೆ ಕ್ರ್ವಾ-ರೂಸ್ ಬುಲೆವಾರ್ಡ್ ಎಂಬ ಅಗಲವಾದ ಬೀದಿಯುದ್ದಕ್ಕೂ ನಡೆಯುವ ಬೆಳಗಿನ ಸಂತೆಯಲ್ಲಿ ಸುತ್ತಾಡಿ. ಜೂನ್‌ನಲ್ಲಿ ಚೆರ್ರಿ ಹಣ್ಣಿನ ಕಾಲ. ಒಂದು ಪೊಟ್ಟಣ ಕೊಂಡರೆ ದಿನವಿಡೀ ಬಾಯಾಡಿಸಬಹುದು. ಅಂಗಡಿಯವರೊಡನೆ ಮಾತಿಗೆ ಮೊದಲು ‘ಬೋಂಜೂರ್’ ಎಂದು ನಮಸ್ಕರಿಸುವುದನ್ನು ಮರೆಯಬೇಡಿ. ಅಲ್ಲಿ ಅದು ಕಡ್ಡಾಯವೆನ್ನುವಷ್ಟು ಮುಖ್ಯವಾದ ಮರ್ಯಾದೆ. ಆಮೇಲೆ ಬೆರಳು ತೋರಿಸಿ, ತೂಕ ಹೇಳಿ ವ್ಯವಹಾರ ನಡೆಸಿದರೂ ಯಾರೂ ಬೇಸರಪಡುವುದಿಲ್ಲ.

ಇನ್ನು ಇಳಿಯುವ ದಾರಿ. ಮಂಡಿನೋವಿನವರಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂಬುದು ನಿಮಗೆ ಗೊತ್ತಿರುತ್ತದೆ. ಆದ್ದರಿಂದ ಕಡಿದಾದ ಮೆಟ್ಟಿಲ ಸಾಲುಗಳನ್ನು ಬಿಟ್ಟು ಓರೆಯಾಗಿ ಇಳಿಯುವ ಬೀದಿಗಳನ್ನೇ ಹಿಡಿಯಿರಿ. ಕಾಲು ಸೋತರೆ ಇಳಿಜಾರಿನ ನಡುವೆ ಕ್ರ್ವಾ-ಪಾಕೆ ಎಂಬ ಮೆಟ್ರೋ ನಿಲ್ದಾಣವಿದೆ, ಅಲ್ಲಿಂದ ಅದೇ ರೈಲಿನಲ್ಲಿ ಕೆಳಗೆ ಬರಬಹುದು. ಈ ಇಳಿಜಾರಿನ ಮನೆಗಳ ಕಿಟಕಿಗಳು ಎಷ್ಟು ಎತ್ತರವಾಗಿವೆ ನೋಡಿ. ಜಕಾರ್ಡ್ ಮಗ್ಗ ನಿಲ್ಲಬೇಕಾದರೆ ಸುಮಾರು ನಾಲ್ಕು ಮೀಟರ್ ಎತ್ತರದ ಕೋಣೆ ಬೇಕಿತ್ತು, ನೇಯಲು ಬೆಳಕು ಬೇಕಿತ್ತು. ಹಾಗಾಗಿ 19ನೇ ಶತಮಾನದಲ್ಲಿ ಮಗ್ಗದ ಅಳತೆಗೆ ತಕ್ಕ ಮನೆಗಳನ್ನೇ ಇಲ್ಲಿ ಕಟ್ಟಿದರು. ಅದೇ ಕೋಣೆಯಲ್ಲಿ ಸಂಸಾರವೂ ನಡೆಯಬೇಕಿತ್ತು. 1831ರ ನವೆಂಬರ್‌ನಲ್ಲಿ ಈ ನೇಕಾರರು ಬೀದಿಗಿಳಿದರು. ನೇಯ್ಗೆಗೆ ಕನಿಷ್ಠ ದರವನ್ನು ಒಪ್ಪಿಕೊಂಡಾದ ಮೇಲೆ ವರ್ತಕರಲ್ಲಿ ಹಲವರು ಅದನ್ನು ಕೊಡಲು ನಿರಾಕರಿಸಿದ್ದೇ ಕಾರಣ. ‘ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡುತ್ತ ಸಾಯುತ್ತೇವೆ’ ಎಂಬುದು ಅವರ ಘೋಷಣೆಯಾಗಿತ್ತು. 1834ರಲ್ಲಿ ಮತ್ತೊಮ್ಮೆ ದಂಗೆಯೆದ್ದಾಗ ಸೈನ್ಯ ಅದನ್ನು ಬಹಳ ಕ್ರೂರವಾಗಿ ಅಡಗಿಸಿತು. ಇಂದು ಕಾಫಿ ಅಂಗಡಿಗಳು, ಹೂಕುಂಡಗಳು ತುಂಬಿರುವ ಬೀದಿಗಳಲ್ಲೇ ಇದೆಲ್ಲ ನಡೆದದ್ದು. ಚೆಂದದ ಬೀದಿಯೆಂದು ಫೋಟೋ ತೆಗೆದುಕೊಂಡು ಮುಂದೆ ಹೋಗುವವರಿಗೆ ಇದು ತಿಳಿಯದೇ ಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೊಲ್ಬೇರ್ ಚೌಕದ 9ನೇ ನಂಬರಿನ ಬಾಗಿಲಿನ ಒಳಗೆ ವೊರಾಸ್ ಅಂಗಳವಿದೆ. ಆರು ಅಂತಸ್ತಿನಷ್ಟು ಎತ್ತರದ, ಎರಡೂ ಕಡೆಗೆ ತೆರೆದುಕೊಂಡ ಕಲ್ಲಿನ ಮೆಟ್ಟಿಲಸಾಲು ಅಲ್ಲಿಯ ವಿಶೇಷ. ನೀವು ಅದನ್ನು ಹತ್ತಿ ಇಳಿಯಬೇಕಾಗಿಲ್ಲ, ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಸಾಕು. ಒಂದು ಬೀದಿಯಿಂದ ಕಟ್ಟಡಗಳ ಒಳಗೇ ಹಾದು ಮತ್ತೊಂದು ಬೀದಿಗೆ ಹೊರಡುವ ಇಂಥ ಒಳದಾರಿಗಳಿಗೆ ಅಲ್ಲಿಯವರು ಟ್ರಾಬೂಲ್ ಎನ್ನುತ್ತಾರೆ. ರೇಷ್ಮೆಯ ಥಾನುಗಳನ್ನು ಮಳೆಯಲ್ಲಿ ನೆನೆಯದಂತೆ ಹೊತ್ತೊಯ್ಯಲು ನೇಕಾರರಿಗೆ ಅನುಕೂಲವಾಗಿದ್ದ ಈ ದಾರಿಗಳು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಬೇಕಾಗಿದ್ದ ಪ್ರತಿರೋಧ ಚಳವಳಿಯವರಿಗೂ ಒದಗಿದವು.

ಗುಡ್ಡ ಇಳಿದರೆ ತೆರೋ ಚೌಕ. ನಾಲ್ಕು ಕುದುರೆಗಳು ಎಳೆಯುತ್ತಿರುವ ರಥದ ಕಾರಂಜಿಯನ್ನು ಅಲ್ಲಿ ನೋಡಬಹುದು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಾಡಿದ ಬಾರ್ತೋಲ್ದಿಯವರದೇ ಕೆಲಸ ಇದು. ಆದರೆ ಚೌಕದ ಬಿಸಿಲಿನಲ್ಲಿ ನಿಲ್ಲಬೇಡಿ, ಪಕ್ಕದ ಲಲಿತಕಲಾ ಸಂಗ್ರಹಾಲಯದ ಒಳತೋಟಕ್ಕೆ ಹೋಗಿ. ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದ ನಡುವಂಗಳವದು. ಮರಗಳ ನೆರಳಿದೆ, ಬೆಂಚುಗಳಿವೆ, ಶಿಲ್ಪಗಳಿವೆ, ಪ್ರವೇಶಕ್ಕೆ ಹಣವಿಲ್ಲ. ಮನೆಯಿಂದ ಬುತ್ತಿ ತಂದಿದ್ದರೆ ಬಿಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಪೇಟೆಯೊಳಗೆ ನನಗೆ ತಿಳಿದಂತೆ ಇಲ್ಲ. ಹೋಟೆಲಿನಲ್ಲಿ ಉಣ್ಣುವುದಾದರೆ ಹನ್ನೆರಡರಿಂದ ಎರಡರ ಒಳಗೆ ಹೋಗಿ ಕೂರಬೇಕು. ಆಮೇಲೆ ಹೆಚ್ಚಿನ ಅಡುಗೆಮನೆಗಳು ರಾತ್ರಿ ಏಳರವರೆಗೆ ಮುಚ್ಚಿಬಿಡುತ್ತವೆ.

ಮಧ್ಯಾಹ್ನ ಸೋನ್ ನದಿಯ ಸೇತುವೆ ದಾಟಿ ಹಳೆ ಲಿಯಾನ್‌ಗೆ ಬನ್ನಿ. 15 ಮತ್ತು 16ನೇ ಶತಮಾನಗಳಲ್ಲಿ ಇಟಲಿಯಿಂದ ಬಂದ ವರ್ತಕರು ಮತ್ತು ಲೇವಾದೇವಿಗಾರರು ನೆಲೆಸಿದ್ದ ಪೇಟೆ ಇದು. ಓಣಿಗಳು ಕಿರಿದು, ಕಟ್ಟಡಗಳು ಎತ್ತರ, ಹೀಗಾಗಿ ಉರಿಬಿಸಿಲಿನಲ್ಲೂ ನೆಲ ತಂಪು. ಸ್ಯಾಂ-ಜಾಂ ಬೀದಿಯ 54ನೇ ನಂಬರಿನ ಬಾಗಿಲನ್ನು ಹುಡುಕಿ, ಗೋಡೆಯ ಗುಂಡಿ ಒತ್ತಿ ಬಲವಾಗಿ ತಳ್ಳಿ. ಬಾಗಿಲು ತೆರೆದೊಡನೆ ಮುಖಕ್ಕೆ ತಣ್ಣನೆಯ ಗಾಳಿ, ಹಳೆಯ ಕಲ್ಲಿನ ಶೀತದ ವಾಸನೆ. ಕತ್ತಲಿಗೆ ಕಣ್ಣು ಹೊಂದಿಕೊಂಡಂತೆ ಗೋಡೆಗೆ ಸಾಲಾಗಿ ಜೋಡಿಸಿದ ಅಂಚೆ ಪೆಟ್ಟಿಗೆಗಳು, ತಲೆಯ ಮೇಲೆ ಕಮಾನು. ಮುಂದೆ ಹೋದರೆ ಆಕಾಶಕ್ಕೆ ತೆರೆದ ಅಂಗಳ, ಮತ್ತೆ ಕತ್ತಲು, ಮತ್ತೊಂದು ಅಂಗಳ. ಹಳೆ ಲಿಯಾನ್‌ನ ಅತಿ ಉದ್ದನೆಯ ಈ ಒಳದಾರಿ ನಿಮ್ಮನ್ನು ಹೊರಗೆ ಬಿಡುವುದು ಬಫ್ ಬೀದಿಯ 27ನೇ ನಂಬರಿನಲ್ಲಿ. ಮೇಲಿನ ಮನೆಗಳಲ್ಲಿ ಜನ ವಾಸವಾಗಿದ್ದಾರೆ, ಆದ್ದರಿಂದ ದನಿ ತಗ್ಗಿಸಿ ನಡೆಯಬೇಕು. ಅಲ್ಲಿಂದ ಸ್ಯಾಂ-ಜಾಂ ಚರ್ಚಿಗೆ ಹೆಚ್ಚು ದೂರವಿಲ್ಲ. 12ನೇ ಶತಮಾನದಲ್ಲಿ ಆರಂಭವಾಗಿ 15ನೇ ಶತಮಾನದಲ್ಲಿ ಮುಗಿದ ಈ ಚರ್ಚಿನೊಳಗೆ ಒಂದಷ್ಟು ಹೊತ್ತು ಕೂತಿರಿ. ಬಣ್ಣದ ಗಾಜಿನ ಕಿಟಕಿಗಳನ್ನು ನೋಡಲು ಬಿಸಿಲಿನ ದಿನವೇ ಬೇಕು.

ಸಂಜೆ ಐದರ ಮೇಲೆ, ಚರ್ಚಿನ ಹತ್ತಿರದಲ್ಲೇ ಇರುವ ನಿಲ್ದಾಣದಿಂದ ಹಗ್ಗದ ರೈಲಿನಲ್ಲಿ ಫೂರ್ವಿಯೇರ್ ಏರಿ. ಮೆಟ್ರೋ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ. ಮೇಲಿನ ಬಸಿಲಿಕಾ 1872ರಲ್ಲಿ ಕಟ್ಟಲು ತೊಡಗಿದ್ದು. ಅದರ ಪಕ್ಕದ ಜಗಲಿಯಿಂದ ಇಡೀ ಊರು, ಎರಡೂ ನದಿಗಳು ಕಾಣುತ್ತವೆ, ಗಾಳಿ ತಿಳಿಯಾಗಿದ್ದರೆ ದೂರದಲ್ಲಿ ಆಲ್ಪ್ಸ್ ಹಿಮಶಿಖರಗಳೂ ಕಾಣಿಸುತ್ತವೆ. ಬೆಳಿಗ್ಗೆ ಇಳಿದು ಬಂದ ದಾರಿಯನ್ನು ಅಲ್ಲಿಂದಲೇ ಬೆರಳಿಟ್ಟು ಗುರುತಿಸಬಹುದು. ಕೆಲವು ನಿಮಿಷ ನಡೆದರೆ ರೋಮನ್ನರ ರಂಗಮಂದಿರವಿದೆ. ಕ್ರಿಸ್ತಪೂರ್ವ 43ರಲ್ಲಿ ರೋಮನ್ನರು ಲುಗ್ದುನುಮ್ ಎಂಬ ಊರನ್ನು ಕಟ್ಟಿದ್ದು ಈ ಗುಡ್ಡದ ಮೇಲೆಯೇ. ಸುಮಾರು ಹತ್ತು ಸಾವಿರ ಜನ ಕೂರಬಹುದಾಗಿದ್ದ ರಂಗಮಂದಿರದ ಕಲ್ಲಿನ ಸಾಲುಗಳ ಮೇಲೆ ನೀವೂ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಸಂಗೀತ, ನಾಟಕದ ಉತ್ಸವ ನಡೆಯುವುದರಿಂದ ಕಾರ್ಯಕ್ರಮವಿರುವ ಸಂಜೆ ಬೇಗನೆ ಮುಚ್ಚಬಹುದು. ಯಜಮಾನರಿಗೆ ಇತಿಹಾಸದ ಒಲವಿದ್ದರೆ ಒಂದು ವಿಷಯ ಹೇಳಿ: ರೋಮನ್ ಚಕ್ರವರ್ತಿ ಕ್ಲಾಡಿಯಸ್ ಹುಟ್ಟಿದ್ದು ಇದೇ ಊರಿನಲ್ಲಿ.

ಅದೇ ರೈಲಿನಲ್ಲಿ ಇಳಿದು, ಮೆಟ್ರೋ ಹಿಡಿದು ರೋನ್ ನದಿಯ ಪೂರ್ವ ದಂಡೆಗೆ ಬಂದರೆ ದಿನದ ಉಳಿದ ಭಾಗವನ್ನು ಅಲ್ಲೇ ಕಳೆಯಬಹುದು. ಹಿಂದೆ ಕಾರುಗಳ ನಿಲುಗಡೆಯಾಗಿದ್ದ ಈ ದಂಡೆಯನ್ನು 2007ರಲ್ಲಿ ಸುಮಾರು ಐದು ಕಿಲೋಮೀಟರ್ ಉದ್ದಕ್ಕೂ ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. ನದಿಗಿಳಿಯುವ ಅಗಲವಾದ ಮೆಟ್ಟಿಲುಗಳ ಮೇಲೆ ಊರಿನ ಜನವೆಲ್ಲ ಬಂದು ಕೂರುತ್ತಾರೆ, ಎದುರಿಗೆ ಫೂರ್ವಿಯೇರ್ ಗುಡ್ಡದ ಹಿಂದೆ ಸೂರ್ಯ ಇಳಿಯುತ್ತಾನೆ. ತೇತ್ ದೋರ್ ಉದ್ಯಾನ, ಸಂಗಮದ ವಸ್ತುಸಂಗ್ರಹಾಲಯ, ಪಾಲ್ ಬೊಕ್ಯೂಸ್ ಹೆಸರಿನ ಮಾರುಕಟ್ಟೆ – ಇವೆಲ್ಲವನ್ನೂ ಅದೇ ದಿನ ತುರುಕಲು ಹೋಗಬೇಡಿ. ಮಗಳ ಜೊತೆ ಹೋಗಲು ಅವು ಇರಲಿ.

ಪ್ರಶ್ನೆ: ಲಿಯಾನ್‌ನಲ್ಲಿ ಎರಡು ನದಿಗಳು ಸೇರುತ್ತವೆಂದು ಓದಿದ್ದೇನೆ. ಕೂಡ್ಲಿಯ ಪಕ್ಕದ ಊರಿನವಳಾದ ನನಗೆ ಆ ಜಾಗ ನೋಡುವ ಕುತೂಹಲ. ಹೋಗಿ ನೋಡಲು ಯೋಗ್ಯವೇ?
– ಓದುಗರೊಬ್ಬರು, ಹೊಳೆಹೊನ್ನೂರು

ಉತ್ತರ: ಖಂಡಿತ ಯೋಗ್ಯ, ಆದರೆ ಕೂಡ್ಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ತುಂಗಾ ಭದ್ರಾ ಸೇರುವಲ್ಲಿರುವಂತೆ ಅಲ್ಲಿ ಗುಡಿಯಿಲ್ಲ, ಮಠವಿಲ್ಲ, ಸ್ನಾನಘಟ್ಟವಿಲ್ಲ. ಬಹುಕಾಲ ಅದು ಕಾರ್ಖಾನೆಗಳು, ಗೋದಾಮುಗಳು, ರೈಲು ಅಂಗಳಗಳ ಪ್ರದೇಶವಾಗಿತ್ತು. 2014ರಲ್ಲಿ ಅಲ್ಲಿ ಗಾಜು ಮತ್ತು ಉಕ್ಕಿನ ದೊಡ್ಡ ವಸ್ತುಸಂಗ್ರಹಾಲಯ ತೆರೆಯಿತು. ಟ್ರಾಮ್ ಅದರ ಬಾಗಿಲವರೆಗೂ ಹೋಗುತ್ತದೆ. ಅದರ ಹಿಂದಿನಿಂದ ನೆಲದ ತುದಿಯವರೆಗೆ ನಡೆದುಹೋಗಬಹುದು. ಆಲ್ಪ್ಸ್‌ನ ಹಿಮನದಿಯಲ್ಲಿ ಹುಟ್ಟಿ ಜಿನೀವಾ ಸರೋವರವನ್ನು ಹಾದು ಬರುವ ರೋನ್ ತಣ್ಣಗೆ, ವೇಗವಾಗಿ, ನೀಲಿ ಮಿಶ್ರಿತ ಬಣ್ಣದಲ್ಲಿ ಬರುತ್ತದೆ. ಬಯಲುಗಳಲ್ಲಿ ಹರಿದು ಬರುವ ಸೋನ್ ನಿಧಾನ, ಅದರ ನೀರು ಹಸಿರು ಬೆರೆತ ಕಂದು. ಎರಡು ಬಣ್ಣಗಳು ಒಂದರ ಪಕ್ಕ ಒಂದು ಸ್ವಲ್ಪ ದೂರ ಹಾಗೇ ಸಾಗುವುದನ್ನು ಬಿಸಿಲಿನ ದಿನ ಬರಿಗಣ್ಣಿನಿಂದಲೇ ನೋಡಬಹುದು. ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಬಲವಾಗಿದೆ.

ಪ್ರಶ್ನೆ: ಲಿಯಾನ್ ಎಂದರೆ ಮಾಂಸದ ಅಡುಗೆಗೆ ಹೆಸರಾದ ಊರು ಎನ್ನುತ್ತಾರೆ. ನಾವು ಗಂಡಹೆಂಡತಿ ಶುದ್ಧ ಸಸ್ಯಾಹಾರಿಗಳು. ದಿನವಿಡೀ ಬ್ರೆಡ್ಡು ತಿಂದೇ ಇರಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇರಬೇಕಾಗಿಲ್ಲ, ಆದರೆ ಕೇಳಿ ತಿಳಿದು ತಿನ್ನಬೇಕು. ಬುಶೋಂ ಎಂದು ಕರೆಯುವ ಅಲ್ಲಿಯ ಸಾಂಪ್ರದಾಯಿಕ ಊಟದ ಮನೆಗಳಲ್ಲಿ ಹಂದಿ ಮತ್ತು ದನದ ಮಾಂಸದ ಅಡುಗೆಯೇ ಹೆಚ್ಚು. ಹೆಸರಿನಲ್ಲಿ ‘ಸಲಾಡ್’ ಎಂದಿದ್ದರೂ ಲಿಯಾನ್ ಸಲಾಡ್‌ಗೆ ಹಂದಿಮಾಂಸದ ತುಂಡುಗಳನ್ನು ಹಾಕಿರುತ್ತಾರೆ, ಮೆತ್ತನೆಯ ಕನೆಲ್ ಕಡುಬಿಗೆ ಸಾಮಾನ್ಯವಾಗಿ ಮೀನು ಬೆರೆತಿರುತ್ತದೆ, ಈರುಳ್ಳಿ ಸೂಪನ್ನು ದನದ ಮೂಳೆಯ ಸಾರಿನಲ್ಲಿ ಮಾಡುವುದೇ ವಾಡಿಕೆ. ನಿಮಗೆ ಒಗ್ಗುವಂಥವೂ ಇವೆ. ಆಲೂಗಡ್ಡೆಯನ್ನು ತೆಳುವಾಗಿ ಹೆಚ್ಚಿ ಹಾಲು, ಕೆನೆಯಲ್ಲಿ ಬೇಯಿಸುವ ಗ್ರಾತಾಂ ಒಂದು. ಇನ್ನೊಂದು, ನೇಕಾರರ ಹೆಸರಿನಲ್ಲೇ ಪ್ರಸಿದ್ಧವಾದ, ಮೆತ್ತನೆಯ ಗಿಣ್ಣಿಗೆ ಬೆಳ್ಳುಳ್ಳಿ ಮತ್ತು ಹಸಿ ಸೊಪ್ಪುಗಳನ್ನು ಕಲಸಿ ಬ್ರೆಡ್ಡಿನೊಡನೆ ತಿನ್ನುವ ಪದಾರ್ಥ. ಫ್ರಾನ್ಸಿನ ಚೀಸ್‌ಗಳಲ್ಲಿ ಹಲವನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಒಡೆಸಿರುತ್ತಾರೆ. ಇದನ್ನು ಪರಿಗಣಿಸುವ ಮನೆತನದವರಾದರೆ ಚೀಸ್ ಅನ್ನೇ ಬಿಡುವುದು ಕ್ಷೇಮ. ಕೆಂಪು ಸಕ್ಕರೆಯ ಲೇಪವಿರುವ ಬಾದಾಮಿಯನ್ನು ಕುಟ್ಟಿ ಕೆನೆಯಲ್ಲಿ ಕಾಯಿಸಿ ಮಾಡುವ ಪ್ರಲೀನ್ ಟಾರ್ಟ್ ಊರಿನ ಹೆಮ್ಮೆಯ ಸಿಹಿ. ತಳದ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎಂದರೆ ಮಾಂಸವೂ ಬೇಡ, ಮೀನೂ ಬೇಡ ಎಂದು ಅವರಿಗೆ ತಿಳಿಯುತ್ತದೆ. ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಹೂಜಿಯಲ್ಲಿ ಕೊಡುವ ನಲ್ಲಿ ನೀರಿಗೆ ಹಣ ಕೊಡಬೇಕಾಗಿಲ್ಲ, ‘ಕರಾಫ್ ದೋ’ ಎಂದು ಕೇಳಿ ಪಡೆಯಿರಿ. ಮಲೆನಾಡಿನ ಫಿಲ್ಟರ್ ಕಾಫಿಯ ರುಚಿಯನ್ನು ಮಾತ್ರ ಅಲ್ಲಿ ಹುಡುಕಬೇಡಿ. ಬರಿದೇ ಕಾಫಿ ಎಂದರೆ ಪುಟ್ಟ ಬಟ್ಟಲಿನಲ್ಲಿ ಹಾಲಿಲ್ಲದ ಗಟ್ಟಿ ಡಿಕಾಕ್ಷನ್ ಬರುತ್ತದೆ. ಹಾಲು ಬೇಕಿದ್ದರೆ ‘ಕಫೇ ಕ್ರೆಮ್’ ಎನ್ನಿ.

ಪ್ರಶ್ನೆ: ಹೊಸದಾಗಿ ಮದುವೆಯಾದವರು ನಾವು. ಪ್ಯಾರಿಸ್‌ನಲ್ಲಿ ಉಳಿದುಕೊಂಡು ಒಂದೇ ದಿನದಲ್ಲಿ ಲಿಯಾನ್‌ಗೆ ಹೋಗಿಬರಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಹೋಗಿಬರಬಹುದು. ಫ್ರಾನ್ಸಿನ ಮೊದಲ ಅತಿವೇಗದ ರೈಲು 1981ರಲ್ಲಿ ಓಡಿದ್ದು ಇದೇ ಮಾರ್ಗದಲ್ಲಿ. ಈಗ ಪ್ರಯಾಣಕ್ಕೆ ಸುಮಾರು ಎರಡು ಗಂಟೆ ಸಾಕು. ಟಿಕೆಟ್ ಎಷ್ಟು ಮೊದಲು ಕೊಳ್ಳುತ್ತೀರೋ ಅಷ್ಟು ಅಗ್ಗ. ಲಿಯಾನ್‌ನಲ್ಲಿ ಪಾರ್-ದ್ಯೂ ನಿಲ್ದಾಣದಲ್ಲಿ ಇಳಿಯಿರಿ. ಮೇಲೆ ಹೇಳಿದ ದಿನದಲ್ಲಿ ಕ್ರ್ವಾ-ರೂಸ್ ಬಿಟ್ಟು, ಹಳೆ ಊರು ಮತ್ತು ಫೂರ್ವಿಯೇರ್ ಇಟ್ಟುಕೊಂಡರೆ ಓಡಾಟ ಹದವಾಗಿರುತ್ತದೆ. ಆದರೂ ಒಂದು ರಾತ್ರಿ ಅಲ್ಲೇ ತಂಗುವುದು ಮೇಲು. ಬೇಸಿಗೆಯ ಸಂಜೆ ಅಷ್ಟು ಉದ್ದವಿರುವಾಗ ರೈಲಿನ ವೇಳೆಗೆಂದು ಎದ್ದು ಹೊರಡುವುದು ಸರಿಯಲ್ಲ.

ಪ್ರಶ್ನೆ: ನಾವು ಹೋದ ದಿನ ಬಿಸಿಲಿಲ್ಲದೆ ಮಳೆ ಬಂದರೆ?
– ಓದುಗರೊಬ್ಬರು, ಕೊಪ್ಪ

ಉತ್ತರ: ಮೆಟ್ರೋ ‘ಡಿ’ ಮಾರ್ಗದಲ್ಲಿ ಮೋಂಪ್ಲೇಸೀರ್-ಲ್ಯುಮಿಯೇರ್ ನಿಲ್ದಾಣಕ್ಕೆ ಹೋಗಿ. ಲ್ಯುಮಿಯೇರ್ ಸಹೋದರರು ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು 1895ರಲ್ಲಿ ಕ್ಯಾಮೆರಾದಲ್ಲಿ ಸೆರೆಹಿಡಿದದ್ದು ಅಲ್ಲಿಯೇ. ಅವರ ಕುಟುಂಬದ ಬಂಗಲೆ ಈಗ ಸಿನಿಮಾ ಸಂಗ್ರಹಾಲಯ, ಸೋಮವಾರ ರಜೆ. ಮಳೆ ಕಡಿಮೆಯಾದರೆ ಸೀದಾ ಹಳೆ ಊರಿಗೆ ಹೋಗಿ. ಟ್ರಾಬೂಲ್‌ಗಳೊಳಗೆ ಹೇಗೂ ಹೆಚ್ಚು ನೆನೆಯುವ ಭಯವಿಲ್ಲ.